ಯಾರ ಕುರ್ಚಿಗೆ ಸರಿ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮನೆಯಲ್ಲಿ ಒಳ್ಳೇ ಸ್ಪೀಕರ್ ಇಟ್ಟವರನ್ನ ಕೇಳಿ, ನೆಲ ನಿಜಕ್ಕೂ ಡೊಂಕೇ ಅಂತಾರೆ. 12 ಅಡಿ ಉದ್ದದ ಹಾಲ್ ಇದ್ದರೆ ಸುಮಾರು 47 ಹರ್ಟ್ಜ್‌ನ ಬೇಸ್ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತೆ. ಗೋಡೆಗೆ ಒರಗಿ ಕೂತವರಿಗೆ ಅದು ಗುಂಯ್ ಅಂತ ಉಬ್ಬಿ ಕೇಳಿಸುತ್ತೆ. ನಡುಮಧ್ಯ ಕೂತವರಿಗೆ ಹೆಚ್ಚುಕಡಿಮೆ ಕೇಳಿಸೋದೇ ಇಲ್ಲ. ಸ್ಪೀಕರ್ ಎಷ್ಟೇ ದುಬಾರಿಯಾದರೂ ಇದು ತಪ್ಪಿದ್ದಲ್ಲ.

ಇದಕ್ಕೆ ಮದ್ದು ಅಂತ ಬಂದಿರೋದೇ ರೂಮ್ ಕರೆಕ್ಷನ್ ಸಾಫ್ಟ್‌ವೇರ್. ನಾವು ಕೂರುವ ಜಾಗದಲ್ಲಿ ಮೈಕ್ ಇಡ್ತೀವಿ, ಸ್ಪೀಕರ್‌ಗಳು ಪರೀಕ್ಷೆಯ ಸದ್ದು ಹೊರಡಿಸುತ್ತವೆ, ಕೋಣೆ ಏನನ್ನ ಉಬ್ಬಿಸಿತು, ಏನನ್ನ ನುಂಗಿತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕಿ ತಿದ್ದುತ್ತೆ. ಆಡಿಸ್ಸಿ, ಡಿರಾಕ್ ಲೈವ್, ರೂಮ್ ಇಕ್ಯೂ ವಿಜರ್ಡ್, ಮೂರನ್ನೂ ಮನೆಯಲ್ಲಿ ಹಾಕಿ ನೋಡಿದ್ದೀನಿ. ‘ಯಾವುದು ಬೆಸ್ಟ್ ಗುರೂ?’ ಅಂತ ಆಫೀಸಿನಲ್ಲಿ ಕೇಳ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ ಅನಿಸುತ್ತೆ: ‘ಸರಿ’ ಅಂದರೆ ಏನು, ಅದನ್ನ ತೀರ್ಮಾನ ಮಾಡೋರು ಯಾರು?

ಡೆನಾನ್, ಮರಾಂಟ್ಜ್‌ನ ಎಷ್ಟೋ ರಿಸೀವರ್‌ಗಳ ಜೊತೆ ಬರುವ ಆಡಿಸ್ಸಿ ಆ ತೀರ್ಮಾನವನ್ನ ತಾನೇ ಮಾಡಿಬಿಡುತ್ತೆ. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ 2,000 ಹರ್ಟ್ಜ್ ಆಸುಪಾಸು ಬೇಕೆಂದೇ ಇಟ್ಟ ಒಂದು ತಗ್ಗಿದೆ. ಬಹಳಷ್ಟು ಸ್ಪೀಕರ್‌ಗಳು ಅಲ್ಲಿ ಒರಟಾಗುತ್ತವೆ ಅನ್ನೋದು ಅದನ್ನ ಮಾಡಿದವರ ವಾದ. ಉಳಿದದ್ದನ್ನ ಹಾಗೇ ಇಟ್ಟು ಆ ತಗ್ಗೊಂದನ್ನೇ ತೆಗೀಬೇಕು ಅಂದರೆ ದುಡ್ಡು ಕೊಟ್ಟು ಬೇರೆ ಆ್ಯಪ್ ತಗೋಬೇಕು. ಡಿರಾಕ್ ಒಂದು ಗುರಿಯ ಗೆರೆ ತೋರಿಸಿ, ಬೇಕಿದ್ದರೆ ಎಳೆದು ಬದಲಾಯಿಸಿಕೋ ಅನ್ನುತ್ತೆ. ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಜರ್ಡ್ ಎಲ್ಲ ಅಳತೆಯನ್ನೂ ಮುಂದೆ ಸುರಿದು, ನೀನೇ ಯೋಚಿಸು ಅನ್ನುತ್ತೆ.

ಗುರಿಯ ಗೆರೆ ಚಪ್ಪಟೆಯಾಗಿದ್ದರೆ ಸರಿ ಅಂತೀರಾ? ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಥರದ ಸಂಶೋಧಕರು ಕೇಳುಗರನ್ನ ಕೂರಿಸಿ ಪರೀಕ್ಷೆ ಮಾಡಿದಾಗ, ಹೆಚ್ಚಿನವರಿಗೆ ಹಿಡಿಸಿದ್ದು ಬೇಸ್‌ನಿಂದ ಮೇಲಿನ ಸ್ವರಗಳ ಕಡೆಗೆ ಮೆಲ್ಲಗೆ ಇಳಿಯುವ ಗೆರೆ. ಅಂದರೆ ಈ ‘ಸರಿ’ಯೂ ಒಂದು ಬಹುಮತವೇ. ಅದು ಗೌರವಿಸಬೇಕಾದ ಬಹುಮತ, ಆದರೂ ನನ್ನ ಕಿವಿಗೆ ಬೇರೆ ಓಟು ಹಾಕುವ ಹಕ್ಕಿದೆ.

ನನ್ನನ್ನ ಹೆಚ್ಚು ಕಾಡಿದ್ದು ಮೈಕ್ ಇಡುವ ಜಾಗ. ಆಡಿಸ್ಸಿ, ಡಿರಾಕ್ ಎರಡೂ ಮೊದಲ ಅಳತೆಯನ್ನ ಮುಖ್ಯ ಕೇಳುಗ ಕೂರುವ ಕಡೆ ತೆಗೀರಿ ಅನ್ನುತ್ತವೆ. ನಮ್ಮ ಮನೆಯಲ್ಲಿ ಮುಖ್ಯ ಕೇಳುಗ ಯಾರು? ಕಂತು ಕಟ್ಟೋನು ನಾನು. ಆದರೆ ದಿನವಿಡೀ ಆ ಸ್ಪೀಕರ್‌ಗಳನ್ನ ಕೇಳೋದು ಗೋಡೆ ಪಕ್ಕದ ದಿವಾನದ ಮೇಲೆ ಕೂರೋ ಅಮ್ಮ. ನನ್ನ ಸೋಫಾ ಹಾಲ್‌ನ ನಡುವೆ, ಬೇಸ್ ಮಾಯವಾಗುವ ಹಳ್ಳದಲ್ಲೇ ಇತ್ತು. ಆ ಹಳ್ಳ ತುಂಬಲಿ ಅಂತ 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಸುರೀಬೇಕು. ಅಷ್ಟಾದರೂ ಹಳ್ಳ ತುಂಬಲ್ಲ. ಗೋಡೆಗಳಿಂದ ವಾಪಸು ಬರುವ ಸದ್ದೂ ಅಷ್ಟೇ ಜೋರಾಗಿ ಅದನ್ನ ಅಳಿಸಿಹಾಕುತ್ತೆ. ಸುರಿದದ್ದೆಲ್ಲ ಹೋಗಿ ಅಮ್ಮನ ಗೋಡೆಯ ಹತ್ತಿರ ಗುಡುಗುತ್ತೆ. ನನಗೆ ದಕ್ಕದ್ದನ್ನ ನನಗಾಗಿ ಕೇಳಿ ಇನ್ನೊಬ್ಬರ ಕಿವಿಗೆ ಹೊರಿಸಿದ ಹಾಗೆ.

ಉಬ್ಬನ್ನ ತಗ್ಗಿಸೋದು ಹಾಗಲ್ಲ. ಅಮ್ಮನ ಕಡೆ ಉಬ್ಬಿದ್ದನ್ನ ಇಳಿಸಿದರೆ, ಮೊದಲೇ ಆ ಸ್ವರ ಕೇಳದ ನನ್ನ ಜಾಗಕ್ಕೆ ನಷ್ಟ ಕಮ್ಮಿ. ಹಳ್ಳಕ್ಕೆ ಇರೋ ಪರಿಹಾರ ಸೋಫಾವನ್ನ ಒಂದೂವರೆ ಅಡಿ ಹಿಂದಕ್ಕೆ ತಳ್ಳೋದು. ಅದನ್ನ ಯಾವ ಸಾಫ್ಟ್‌ವೇರೂ ಮಾಡಿಕೊಡಲ್ಲ, ನಾವೇ ಎದ್ದು ತಳ್ಳಬೇಕು.

ಈಗ ಮೈಕ್ ದಿವಾನಕ್ಕೂ ಹೋಗುತ್ತೆ. ನನ್ನ ಕುರ್ಚಿಯ ಗ್ರಾಫ್ ಮೊದಲಿನಷ್ಟು ಚೆಂದ ಇಲ್ಲ. ವಾರ್ತೆ ಓದುವವರ ಮಾತು ಅಮ್ಮನಿಗೆ ಬಿಡಿಬಿಡಿಯಾಗಿ ಕೇಳುತ್ತೆ. ಹಾಗಾಗಿ ಯಾವುದು ಬೆಸ್ಟ್ ಅಂತ ಕೇಳಿದವರಿಗೆ ನಾನು ಹೇಳೋದಿಷ್ಟು: ತಲೆಬಿಸಿ ಬೇಡವಾದರೆ ಆಡಿಸ್ಸಿ, ಗೆರೆ ನಿಮ್ಮ ಕೈಲಿರಬೇಕಾದರೆ ಡಿರಾಕ್, ಕಲಿಯೋ ತಾಳ್ಮೆ ಇದ್ದರೆ ವಿಜರ್ಡ್. ಯಾವುದನ್ನೇ ತಗೊಳ್ಳಿ, ಮೈಕ್ ಇಡೋ ಮೊದಲು ಆ ಹಾಲ್‌ನಲ್ಲಿ ಇನ್ನು ಯಾರ್ಯಾರು ಕೂರ್ತಾರೆ ಅಂತ ಒಂದ್ಸಲ ಸುತ್ತ ನೋಡಿ.