ಬೀಗ ಬಿದ್ದ ಮನೆಯ ಬೆಲೆ

ನರಗುಂದ ತಾಲ್ಲೂಕಿನ ಚಿಕ್ಕನರಗುಂದ ಎರೆನೆಲದ ಸೀಮೆಯ ಊರು. ಬೇಸಿಗೆಯಲ್ಲಿ ಈ ಕರಿಮಣ್ಣು ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ನಿಂತ ಗೋಡೆಗಳಿಗೂ ಅದೇ ಪಾಡು. ಜನವಿರುವ ಮನೆಯಲ್ಲಾದರೆ ಯಾರಾದರೊಬ್ಬರು ಬಿರುಕಿಗೆ ಗಿಲಾವು ಮೆತ್ತುತ್ತಾರೆ, ಮಾಳಿಗೆಯ ಮೇಲೆ ಹುಟ್ಟಿದ ಹುಲ್ಲು ಕೀಳುತ್ತಾರೆ. ಸಾಲ ತೀರಿಸಲಾಗದೆ ಬ್ಯಾಂಕಿನ ಬೀಗ ಬಿದ್ದ ಮನೆಗೆ ಆ ಕೈಗಳಿಲ್ಲ.

ಎರಡು ಮಳೆಗಾಲ ಸಾಕು.

ಅಂಥ ಮನೆಗೆ ಬೆಲೆ ಕಟ್ಟುವ ಮೌಲ್ಯಮಾಪಕನದು ಮೇಲ್ನೋಟಕ್ಕೆ ಬರೀ ಲೆಕ್ಕದ ಕೆಲಸ. ಆದರೆ ಕಣ್ಣಿಗೆ ಕಾಣುವ ಹಾಳು, ಕಣ್ಣೆದುರಿಲ್ಲದ ಒಡೆಯನ ಬಗ್ಗೆ ಏನನ್ನಾದರೂ ಹೇಳುತ್ತದೆಯೇ ಎಂಬುದು ಧರ್ಮದ ಪ್ರಶ್ನೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಹೇಳುತ್ತದೆ ಎನ್ನುವಂತಿದೆ. ಬಾಗಿಲಲ್ಲೇ ಹಸಿರು ಚಿಗುರಿರುವ, ಒಳಗೆಲ್ಲ ದೂಳು ಕವಿದಿರುವ ಮನೆಯಲ್ಲಿ ಯಜಮಾನ ಇದ್ದಾನೆಯೇ ಎಂದು ಅದು ಕೇಳುತ್ತದೆ. ಸುಳ್ಳು, ಆಸೆ ತುಂಬಿದ ತನುಮನಗಳಲ್ಲಿ ಅವನಿಲ್ಲ ಎಂದು ತೀರ್ಮಾನಿಸುತ್ತದೆ. ಈ ವಚನ ಕೇಳಿ ಬೆಳೆದವರಿಗೆ ಪಾಳುಮನೆ ಕಂಡೊಡನೆ ‘ಇದ್ದವರೇ ಸರಿಯಿರಲಿಲ್ಲ’ ಎನ್ನುವುದು ಸಲೀಸು. ಆದರೆ ಅದು ತನ್ನ ಒಳಮನೆಯನ್ನು ಪರೀಕ್ಷಿಸಿಕೊಳ್ಳಬೇಕಾದವನ ವಚನ. ಪರರ ಬಾಗಿಲಲ್ಲಿ ನಿಂತು ಅದನ್ನು ಹೇಳಿದರೆ ಚಾಡಿಯಾಗುತ್ತದೆ.

ಕಾನೂನೂ ಇಲ್ಲಿ ಹೊಣೆಯನ್ನು ಹಂಚಿದೆ. 2002ರ ಸರ್ಫೇಸಿ ಕಾಯ್ದೆಯಂತೆ ಸಾಲಗಾರನಿಗೆ ಮೊದಲು 60 ದಿನಗಳ ನೋಟಿಸು, ಆಮೇಲೆ ಸ್ವಾಧೀನ. ಸ್ವಾಧೀನದ ಸುದ್ದಿ ಬಾಗಿಲಿಗೂ ಅಂಟುತ್ತದೆ, ಎರಡು ಪತ್ರಿಕೆಗಳಲ್ಲೂ ಬರುತ್ತದೆ. ವಶಕ್ಕೆ ಪಡೆದ ಅಧಿಕಾರಿ ಆ ಮನೆಯನ್ನು ಸಾಮಾನ್ಯ ವಿವೇಕವುಳ್ಳ ಒಡೆಯನಂತೆ ನೋಡಿಕೊಳ್ಳಬೇಕೆಂದು ಅದೇ ವರ್ಷದ ನಿಯಮಾವಳಿ ಹೇಳುತ್ತದೆ. ಅಂದರೆ ಬೀಗ ಬಿದ್ದ ಮೇಲೆ ಸೋರಿದ ಚಾವಣಿ ಹಳೆಯ ಯಜಮಾನನ ಪಾಪವಲ್ಲ.

ಲೆಕ್ಕದಲ್ಲಿ ಈ ಭೇದ ಸುಲಭವಾಗಿ ಮರೆಯಾಗುತ್ತದೆ. 60 ವರ್ಷ ಬಾಳುವ ಕಟ್ಟಡಕ್ಕೆ 20 ವರ್ಷವಾಗಿದ್ದರೆ, ಕೊನೆಗುಳಿಯುವ ಸಾಮಾನಿಗೆಂದು ಶೇ 10 ಬಿಟ್ಟು, ಸವಕಳಿ ಶೇ 30. ಆ ಮೇಲೆ ಬಿರುಕು, ತೇವ, ಗೆದ್ದಲಿಗೆಂದು ದುರಸ್ತಿಯ ವೆಚ್ಚವನ್ನೂ ಕಳೆಯುತ್ತಾರೆ. ವಯಸ್ಸಿನಿಂದಲೇ ಬಂದ ದೋಷ ಎರಡೂ ಕಡೆ ನುಸುಳಿದರೆ ಮನೆಗೆ ಒಂದೇ ತಪ್ಪಿಗೆ ಎರಡು ದಂಡ! ಗಿಲಾವನ್ನು ಬೆರಳಿನಿಂದ ಬಡಿದು ಪೊಳ್ಳು ಸದ್ದು ಕೇಳುವುದು, ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ಅದು ಒಡೆಯುವುದೋ ಎಂದು ಕಾಯುವುದು ತಾಳ್ಮೆಯ ಕೆಲಸ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ನಿಂತಿದ್ದರೆ ಒಂದು ಬೆಲೆ, ಇನ್ನೂ ನಡೆಯುತ್ತಿದ್ದರೆ ಬೇರೆಯೇ ಬೆಲೆ.

ನೆಲದಡಿಯ ಮಾತಂತೂ ಯಾರ ಕೈಯಲ್ಲೂ ಇಲ್ಲ. ಪಕ್ಕದ ನರಗುಂದ ಪಟ್ಟಣದಲ್ಲಿ ಈಚಿನ ವರ್ಷಗಳಲ್ಲಿ ಮನೆಯೊಳಗೇ ನೆಲ ಕುಸಿದಿದೆ. ಹಿಂದಿನವರು ಕಾಳು ತುಂಬಿಡಲು ತೋಡಿದ್ದ ಹಗೇವುಗಳು ಕೆಳಗಿವೆ, ಅಂತರ್ಜಲ ಮೇಲೇರಿದೆ. ಎಷ್ಟು ಅಚ್ಚುಕಟ್ಟಾಗಿ ಸಾರಿಸಿ ಗುಡಿಸಿದರೇನು?

ಬೆಲೆ ಕಟ್ಟುವವರ ಮೇಲಿನ ಸಂಶಯ ಈ ಸೀಮೆಗೆ ಹೊಸದಲ್ಲ. ಮಲಪ್ರಭೆಯ ನೀರಿನಿಂದ ಭೂಮಿಯ ಬೆಲೆ ಏರಿತೆಂದು ಸರಕಾರ ಅಭಿವೃದ್ಧಿ ಕರ ಹೇರಿತ್ತು. ಹೊಲ ಉತ್ತವರ ಅನುಭವ ಬೇರೆಯಿತ್ತು. 1980ರ ಜುಲೈ 21ರಂದು ನರಗುಂದದಲ್ಲಿ ಆ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರಾಯಿತು. ಚಿಕ್ಕನರಗುಂದದ ರೈತ ವೀರಪ್ಪ ಕಡ್ಲಿಕೊಪ್ಪ ಸತ್ತರು.

ಹರಾಜಿನ ಜಾಹೀರಾತು ಮನೆಯನ್ನು ‘ಇದ್ದಲ್ಲಿ, ಇದ್ದಂತೆ’ ಮಾರುತ್ತದೆ. ಕೊಳ್ಳುವವನು ಬಂದು ನೋಡಿಕೊಳ್ಳಬಹುದು, ಬ್ಯಾಂಕಿಗೆ ತನ್ನ ವಕೀಲರಿದ್ದಾರೆ. ಬೆಲೆ ತಗ್ಗಿದರೆ ಪೆಟ್ಟು ತಿನ್ನುವವನು ಅಲ್ಲಿಲ್ಲದ ಮೂರನೆಯವನು. ಸಾಲ, ಬಡ್ಡಿ, ಖರ್ಚು ಕಳೆದು ಉಳಿದ ಹಣ ಅದಕ್ಕೆ ಹಕ್ಕುಳ್ಳವನಿಗೆ ಸೇರಬೇಕೆಂದು ಅದೇ ಕಾಯ್ದೆಯ 13ನೇ ಕಲಂ ಹೇಳುತ್ತದೆ; ಸಾಮಾನ್ಯವಾಗಿ ಅವನು ಬೀಗದ ಹೊರಗೆ ಉಳಿದ ಹಳೆಯ ಯಜಮಾನನೇ.