ಸ್ವಭಾವವೂ ಅಭ್ಯಾಸವೂ

ಬೆಂಗಳೂರಿನ ಇಂದಿರಾನಗರದ ಸಿ.ಎಂ.ಎಚ್. ರಸ್ತೆಗೆ ಆ ಹೆಸರು ಬಂದುದು ಚಿನ್ಮಯ ಮಿಷನ್ ಆಸ್ಪತ್ರೆಯಿಂದ. ಆಸ್ಪತ್ರೆಗೆ ಬಂದುದು ಗೀತಾಪ್ರವಚನವನ್ನು ಜ್ಞಾನಯಜ್ಞವೆಂದು ಕರೆದು ಊರೂರಿಗೆ ಒಯ್ದ ಸ್ವಾಮಿ ಚಿನ್ಮಯಾನಂದರಿಂದ. ಅಲ್ಲಿಂದ ದೊಮ್ಮಲೂರಿನ ಕಡೆಗೆ ಇಳಿದು ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಹೊರಟರೆ, ವಿಮಾನಪುರದಲ್ಲಿ, ವಾಯುಪಡೆಯವರು 1957ರಲ್ಲಿ ಸ್ಥಾಪಿಸಿದ, ಈಗ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎನಿಸಿಕೊಂಡಿರುವ ವೈದ್ಯಸಂಸ್ಥೆ ಸಿಕ್ಕುತ್ತದೆ. ಈ ಎರಡರ ನೆರೆಯಲ್ಲಿ ವಾಸಿಸುವವರಿಗೆ ಗೀತೆಯ ಒಂದು ಹಳೆಯ ತೊಡಕನ್ನು ಕುರಿತು ಯೋಚಿಸಲು ವಿಶೇಷವಾದ ಅನುಕೂಲವುಂಟೆಂದು ನನ್ನ ಎಣಿಕೆ.

ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ಜ್ಞಾನಿಯೂ ತನ್ನ ಪ್ರಕೃತಿಗೆ ತಕ್ಕಂತೆಯೇ ನಡೆಯುತ್ತಾನೆ, ಜೀವಿಗಳೆಲ್ಲ ಪ್ರಕೃತಿಯನ್ನೇ ಅನುಸರಿಸುತ್ತವೆ, ನಿಗ್ರಹದಿಂದ ಆಗುವುದೇನು ಎನ್ನುತ್ತಾನೆ. ಆರನೆಯ ಅಧ್ಯಾಯದಲ್ಲಿ, ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಕ್ಕದೆಂದು ಅರ್ಜುನನು ಕೈಚೆಲ್ಲಿದಾಗ, ಅದೇ ಆಚಾರ್ಯನು ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಅದನ್ನು ಹಿಡಿಯಬಹುದೆಂದು ಧೈರ್ಯ ಹೇಳುತ್ತಾನೆ. ಪ್ರಕೃತಿಯೇ ಪ್ರಬಲವಾಗಿದ್ದಲ್ಲಿ ಅಭ್ಯಾಸಕ್ಕೆ ಎಡೆಯೆಲ್ಲಿ? ಅಭ್ಯಾಸವೇ ಗೆಲ್ಲುವುದಾದಲ್ಲಿ ಮೂರನೆಯ ಅಧ್ಯಾಯದ ನಿರಾಶೆ ಏತಕ್ಕೆ?

ಉತ್ತರವನ್ನು ಅರಸಲು, ವಾಚಕರು ಈ ಪಂಕ್ತಿಯನ್ನು ಓದುತ್ತಲೇ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಲಿ. ಅಕ್ಷರಗಳು ಕದಲುವುದಿಲ್ಲ. ತಲೆ ಬಲಕ್ಕೆ ತಿರುಗಿದಷ್ಟೇ ಕಣ್ಣು ಎಡಕ್ಕೆ ತಿರುಗುತ್ತದೆ. ಒಂದೊಂದು ಕಿವಿಯೊಳಗೂ ಇರುವ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವವು ತಲೆಯ ಚಲನೆಯನ್ನು ಅರಿತು, ಮೂರೇ ನರಕೋಶಗಳ ಸರಪಳಿಯ ಮೂಲಕ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲದಲ್ಲಿ ಕಣ್ಣಿನ ಸ್ನಾಯುಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತದೆ. ಈ ಕಾರ್ಯವು ಕತ್ತಲೆಯಲ್ಲಿಯೂ ನಡೆಯುತ್ತದೆ. ಮೀನಿನಲ್ಲಿ, ಮೊಲದಲ್ಲಿ, ಕೋತಿಯಲ್ಲಿ, ಮನುಷ್ಯನಲ್ಲಿ ಒಂದೇ ಬಗೆಯಾಗಿ ನಡೆಯುತ್ತದೆ. ಇಚ್ಛೆಯ ಅಪ್ಪಣೆಯನ್ನು ಅದು ಕೇಳುವುದಿಲ್ಲ. ಪ್ರಕೃತಿಯೆಂಬುದಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನವನ್ನು ನಾನು ಕಾಣೆ.

ಇಂಥದು ಕೂಡ ಕಲಿಯುತ್ತದೆ. 1970ರ ದಶಕದಲ್ಲಿ ವಿಜ್ಞಾನಿಗಳು ಕೋತಿಗಳಿಗೆ ದೃಶ್ಯವನ್ನು ಹಿಗ್ಗಿಸಿ ತೋರುವ ಕನ್ನಡಕಗಳನ್ನು ತೊಡಿಸಿದರು. ಎರಡುಪಟ್ಟು ಹಿಗ್ಗಿದ ಲೋಕವು ಸ್ಥಿರವಾಗಿ ತೋರಬೇಕಾದರೆ ಕಣ್ಣು ಎರಡುಪಟ್ಟು ತಿರುಗಬೇಕಷ್ಟೆ; ಮೊದಲು ತಿರುಗಲಾರದು; ಕೆಲವು ದಿನಗಳ ಬಳಿಕ ಕತ್ತಲೆಯಲ್ಲಿ ಪರೀಕ್ಷಿಸಿದರೆ, ತಿರುಗುವಿಕೆಯ ಪ್ರಮಾಣವು ಬಹಳವಾಗಿ ಏರಿರುತ್ತದೆ. ಮಾಂಟ್ರಿಯಲ್‌ನಲ್ಲಿ ಮೆಲ್ವಿಲ್ ಜೋನ್ಸ್ ಮತ್ತು ಗೊನ್‌ಶೋರ್ ಎಂಬವರು, ಎಡವನ್ನು ಬಲವಾಗಿಸುವ ಅಶ್ರಗಗಳನ್ನು ಮನುಷ್ಯರ ಕಣ್ಣಿಗೇ ಕಟ್ಟಿ, ವಾರಗಳು ಕಳೆದಂತೆ ಆ ಪ್ರತಿಕ್ರಿಯೆಯು ಕುಗ್ಗಿ ದಿಕ್ಕನ್ನೇ ಬದಲಿಸುವತ್ತ ಸಾಗಿದುದನ್ನು ಕಂಡರು. ಜಪಾನಿನ ಮಸಾವೊ ಇಟೊ ಈ ಕಲಿಕೆಗೆ ಕಿರುಮೆದುಳು ಕಾರಣವೆಂದು ಊಹಿಸಿದ್ದನು. 1976ರಲ್ಲಿ ಅಮೆರಿಕದ ಡೇವಿಡ್ ರಾಬಿನ್‌ಸನ್, ಕಿರುಮೆದುಳಿನ ಸಂಬಂಧಪಟ್ಟ ಭಾಗವನ್ನು ಕಳೆದುಕೊಂಡ ಬೆಕ್ಕುಗಳಲ್ಲಿ ಪ್ರತಿಕ್ರಿಯೆ ಉಳಿದರೂ ಅದನ್ನು ತಿದ್ದಿಕೊಳ್ಳುವ ಶಕ್ತಿ ಅಳಿದುದನ್ನು ತೋರಿಸಿದನು. ಈ ಜ್ಞಾನದ ಬೆಲೆಯನ್ನು ತೆತ್ತವು ಮೂಕಪ್ರಾಣಿಗಳೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯುವುದು ನ್ಯಾಯವಲ್ಲ.

ಹಾಗಾದರೆ ಆ ಕೋತಿಗೆ ಕಲಿಸಿದವರು ಯಾರು? ಅದು ಸಂಕಲ್ಪ ಮಾಡಲಿಲ್ಲ. ತಾನು ಕಲಿಯುತ್ತಿರುವೆನೆಂಬ ಅರಿವೂ ಅದಕ್ಕಿರಲಿಲ್ಲ. ತಲೆ ತಿರುಗಿದಾಗಲೆಲ್ಲ ಅಕ್ಷಿಪಟಲದ ಮೇಲೆ ಬಿಂಬವು ಜಾರುತ್ತಿದ್ದಿತು. ಆ ಜಾರುವಿಕೆಯೇ ಗುರು. ತಲೆಯನ್ನು ಅಲುಗದಂತೆ ಹಿಡಿದರೆ, ಅಥವಾ ಬೆಳಕನ್ನು ಆರಿಸಿದರೆ, ಕನ್ನಡಕವನ್ನು ತೊಟ್ಟಿದ್ದರೂ ಕಲಿಕೆಯಿಲ್ಲ. ತಪ್ಪು ನಡೆಯಬೇಕು, ನಡೆದ ತಪ್ಪು ಬೆಳಕಿನಲ್ಲಿ ಕಾಣಬೇಕು, ಮತ್ತೆ ಮತ್ತೆ ಕಾಣಬೇಕು. ಮೂರನೆಯ ಅಧ್ಯಾಯವು ಅಲ್ಲಗಳೆದುದು ಪ್ರಕೃತಿಯನ್ನು ಬಲಾತ್ಕಾರದಿಂದ ಅದುಮುವುದನ್ನು. ಆರನೆಯದು ಬೋಧಿಸಿದುದು ಪ್ರಕೃತಿಗೆ ತನ್ನ ತಪ್ಪನ್ನು ತಾಳ್ಮೆಯಿಂದ ತೋರಿಸುತ್ತಿರುವುದನ್ನು. ತಿದ್ದಿಕೊಳ್ಳುವುದು ಪ್ರಕೃತಿಯ ಒಳಗೇ ಇರುವ ಧರ್ಮವಾದುದರಿಂದ ಎರಡು ಮಾತುಗಳಿಗೂ ವಿರೋಧವಿಲ್ಲ.

ಆದರೆ ಇಷ್ಟಕ್ಕೆ ಹಿಗ್ಗಬೇಕಾಗಿಲ್ಲ. ಎಡಬಲಗಳು ಅದಲುಬದಲಾದ ಲೋಕಕ್ಕೂ ಕಣ್ಣು ಅಷ್ಟೇ ನಿಷ್ಠೆಯಿಂದ ಹೊಂದಿಕೊಂಡಿತಲ್ಲವೆ? ಅಭ್ಯಾಸಕ್ಕೆ ಸತ್ಯಾಸತ್ಯಗಳ ವಿವೇಚನೆಯಿಲ್ಲ. ಜೇಬುಗಳ್ಳನ ಬೆರಳೂ ಅಭ್ಯಾಸದಿಂದಲೇ ಪಳಗುತ್ತದೆ. ಯಾವ ಕನ್ನಡಕವನ್ನು ತೊಡಬೇಕು, ಯಾವುದನ್ನು ಕಳಚಿಡಬೇಕು ಎಂಬುದನ್ನು ಅಭ್ಯಾಸವು ಹೇಳಲಾರದು. ಗೀತೆಯೂ ಪತಂಜಲಿಯೂ ಅಭ್ಯಾಸದ ಪಕ್ಕದಲ್ಲಿ ವೈರಾಗ್ಯವನ್ನು ತಪ್ಪದೆ ನಿಲ್ಲಿಸಿದುದಕ್ಕೆ ಕಾರಣವು ಇದೇ ಎಂದು ನನಗೆ ತೋರುತ್ತದೆ.

ವಿಮಾನಪುರದ ವೈದ್ಯರಿಗೆ ಈ ತತ್ತ್ವವು ದಿನನಿತ್ಯದ ಕೆಲಸ. ಆಕಾಶದಲ್ಲಿ ಹೊಟ್ಟೆ ತೊಳಸುವ ತರುಣ ವೈಮಾನಿಕನಿಗೆ ಧೈರ್ಯದ ಉಪದೇಶದಿಂದ ಪ್ರಯೋಜನವಿಲ್ಲ. ಕ್ರಮಕ್ರಮವಾಗಿ ಏರುವ ಸುತ್ತುವಿಕೆಗೆ ಅವನನ್ನು ಒಡ್ಡಿ ಒಗ್ಗಿಸುವುದೇ ಚಿಕಿತ್ಸೆ. ಬಾಹ್ಯಾಕಾಶಯಾನಕ್ಕೆ ಆಯ್ಕೆಯಾಗುವ ಮುನ್ನ ರಾಕೇಶ್ ಶರ್ಮಾ ಪರೀಕ್ಷೆಗೊಳಗಾದುದು ಈ ಬೆಂಗಳೂರಿನಲ್ಲಿಯೇ. 1984ರಲ್ಲಿ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣದಲ್ಲಿ, ಮೇಲುಕೆಳಗೆಂಬುದೇ ಇಲ್ಲದ ಎಡೆಯಲ್ಲಿ, ಆತನು ಯೋಗಾಸನಗಳನ್ನು ಮಾಡಿ ನೋಡಿದನು.

ನಮ್ಮ ಬಡಾವಣೆಗಳಲ್ಲಿ ಒಳಗಿವಿಯ ದೋಷದಿಂದ ತಲೆಸುತ್ತು ಬಂದವರು ಎಷ್ಟೋ ಮಂದಿ ಹೆದರಿ ಕತ್ತನ್ನು ಕದಲಿಸದೆ ಹಾಸಿಗೆ ಹಿಡಿಯುತ್ತಾರೆ. ದೃಷ್ಟಿಯನ್ನು ಒಂದು ಅಕ್ಷರದ ಮೇಲೆ ನೆಟ್ಟು ತಲೆಯನ್ನು ಅತ್ತಿತ್ತ ತಿರುಗಿಸಿರಿ ಎಂದು ವೈದ್ಯರು ಹೇಳಿದರೆ, ಸುತ್ತು ಹೆಚ್ಚಾಯಿತೆಂದು ಎರಡನೆಯ ದಿನವೇ ಬಿಟ್ಟುಬಿಡುತ್ತಾರೆ. ಬಿಡಬೇಡಿರಿ; ಆ ಜಾರುವಿಕೆಯನ್ನು ಕಾಣದೆ ಕಣ್ಣು ಕಲಿಯಲಾರದು.