ಕಾಶಿಯ ದೂರ

ಬೆಂಗಳೂರಿನಿಂದ ಕಾಶಿಗೆ ಆಕಾಶಮಾರ್ಗದಲ್ಲಿ ಸುಮಾರು 1,480 ಕಿಲೋಮೀಟರು. ವಿಮಾನವು ಅದನ್ನು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಕ್ರಮಿಸಿ ಯಾತ್ರಿಕರನ್ನು ಬಾಬತ್‌ಪುರದಲ್ಲಿ ಇಳಿಸುತ್ತದೆ. ಪ್ರಾತಃಸ್ನಾನವನ್ನು ಮನೆಯ ಬಚ್ಚಲಲ್ಲಿ ಮುಗಿಸಿದವನು ಸಾಯಂಸಂಧ್ಯೆಯ ಅರ್ಘ್ಯವನ್ನು ದಶಾಶ್ವಮೇಧ ಘಟ್ಟದಲ್ಲಿ ಕೊಡಬಹುದು. ಪೂರ್ವಿಕರು ತಿಂಗಳುಗಟ್ಟಲೆ ನಡೆದ ದಾರಿಯನ್ನು ಹೀಗೆ ಅರ್ಧ ದಿನದಲ್ಲಿ ದಾಟಿದವನಿಗೆ ಯಾತ್ರಾಫಲವು ಪೂರ್ಣವಾಗಿ ದಕ್ಕುವುದೇ ಎಂಬ ಶಂಕೆಯು ಶ್ರದ್ಧಾವಂತರಲ್ಲಿ ಏಳುವುದು ಸಹಜ. ಅದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕಲಾಗದು.

ದೂರವೆಂಬುದನ್ನು ನಮ್ಮ ತಾರ್ಕಿಕರು ಪರತ್ವವೆಂಬ ಗುಣವಾಗಿ ಎಣಿಸಿದರು. ನ್ಯಾಯಸಿದ್ಧಾಂತಮುಕ್ತಾವಳಿಯಲ್ಲಿ ವಿಶ್ವನಾಥ ಪಂಚಾನನನು ಕೊಡುವ ದೃಷ್ಟಾಂತದಲ್ಲಿ ಕಾಶಿಯೇ ಬರುತ್ತದೆ: ಪಾಟಲಿಪುತ್ರದಿಂದ ನೋಡುವವನಿಗೆ ಕಾಶಿಗಿಂತ ಪ್ರಯಾಗವು ದೂರ, ಏಕೆಂದರೆ ನಡುವಣ ವಸ್ತುಗಳ ಸಂಯೋಗಗಳು, ಎಂದರೆ ಒಂದಕ್ಕೊಂದು ತಾಗಿರುವಿಕೆಗಳು, ಅಲ್ಲಿ ಅಧಿಕ. ಈ ಲೆಕ್ಕದಲ್ಲಿ ವಿಮಾನವು ಕಾಶಿಯನ್ನು ಒಂದು ಗೇಣೂ ಸಮೀಪಕ್ಕೆ ತಂದಿಲ್ಲ. ಕೃಷ್ಣೆ ಗೋದಾವರಿಯರೂ ವಿಂಧ್ಯದ ಕಾಡುಗಳೂ ಇದ್ದಲ್ಲಿಯೇ ಇವೆ. ಅವುಗಳೊಡನೆ ಯಾತ್ರಿಕನ ಪಾದಕ್ಕಿದ್ದ ಸಂಬಂಧ ಮಾತ್ರ ಕಡಿದುಹೋಗಿದೆ.

ಆ ಸಂಬಂಧದಿಂದ ಆಗುತ್ತಿದ್ದ ಕೆಲಸವಾದರೂ ಯಾವುದು? ಹಿಂದಿರುಗುವ ಭರವಸೆಯಿಲ್ಲದ ಕಾಲದಲ್ಲಿ ಕಾಶಿಗೆ ಹೊರಡತಕ್ಕವನು ಸಾಲ ತೀರಿಸಿ, ಆಸ್ತಿಯನ್ನು ಮಕ್ಕಳಿಗೆ ಹಂಚಿ, ಹಗೆಯಿದ್ದವರ ಬಾಗಿಲಿಗೂ ಹೋಗಿ ಕ್ಷಮೆ ಬೇಡಿ, ಬಳಿಕ ಊರ ಗಡಿಯನ್ನು ದಾಟುತ್ತಿದ್ದನು. ಬದುಕಿ ಬಂದರೆ ಕಾಶಿ ಸಮಾರಾಧನೆ. ಬಾಯಿಗೆ ಬೆಸುಗೆ ಹಾಕಿದ ಅಂಗೈಯಗಲದ ತಾಮ್ರದ ಗಂಗಾಗಿಂಡಿಯು ದೇವರ ಮನೆಯಲ್ಲಿ ಕುಳಿತು, ಯಾರದೋ ಕಡೆಯ ಗುಟುಕಿಗಾಗಿ ವರ್ಷಾಂತರ ಕಾಯುತ್ತಿತ್ತು. ಕೈ, ಕಾಲು, ಮನಸ್ಸುಗಳನ್ನು ಹಿಡಿತದಲ್ಲಿ ಇಟ್ಟವನಿಗೇ ತೀರ್ಥದ ಫಲವೆಂದು ಮಹಾಭಾರತದ ವನಪರ್ವವು ಹೇಳಿದೆಯೇ ಹೊರತು ಇಷ್ಟು ಹರದಾರಿ ನಡೆದವನಿಗೆ ಎಂದಲ್ಲ. ಆದರೆ ಆ ಹಿಡಿತವನ್ನು ದೀರ್ಘಮಾರ್ಗವು ಬಲಾತ್ಕಾರವಾಗಿಯೇ ಕಲಿಸುತ್ತಿತ್ತು.

ಇನ್ನೊಂದು ಸಂಗತಿಯೂ ವಿಚಾರಾರ್ಹವಾಗಿದೆ. ಕಾಶಿಯಲ್ಲಿಯೇ ಹುಟ್ಟಿ ಬೆಳೆದವನಿಗೆ ಕಾಶಿಯ ದೂರವು ಸೊನ್ನೆಯಷ್ಟೆ. ಆದರೂ ಅವನು ಮಣಿಕರ್ಣಿಕೆಯಿಂದ ಬರಿಗಾಲಲ್ಲಿ ಹೊರಟು, ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂಬ ಐದು ತಂಗುದಾಣಗಳನ್ನು ಹಾದು, ಸುಮಾರು 80 ಕಿಲೋಮೀಟರು ಸುತ್ತಿ ಮತ್ತೆ ಮಣಿಕರ್ಣಿಕೆಗೇ ಬರುತ್ತಾನೆ. ಸೇರುವುದೇ ಯಾತ್ರೆಯ ಗುರಿಯಾಗಿದ್ದರೆ ಈ ಪಂಚಕ್ರೋಶಿಗೆ ಅರ್ಥವೇ ಇರುತ್ತಿರಲಿಲ್ಲ. ಕ್ಷೇತ್ರವನ್ನು ಸೇರಿದ ಮೇಲೂ ನಡೆಯುವುದು ಉಳಿದಿರುತ್ತದೆಂದು ಹಿರಿಯರು ಬಲ್ಲವರಾಗಿದ್ದರು. ಈ ಒಂದು ವಿಧಿಯಲ್ಲಿ ಅವರ ವಿವೇಕವು ನನಗೆ ಅತ್ಯಂತ ಪೂಜ್ಯವಾಗಿ ಕಾಣುತ್ತದೆ.

ಆದ್ದರಿಂದ ವಿಮಾನವೇರಿದ ಮಾತ್ರಕ್ಕೆ ಪುಣ್ಯವು ಕುಂದುವುದೆಂಬುದನ್ನು ನಾನು ಒಪ್ಪಲಾರೆ. ಮೊಣಕಾಲು ಸೋತ ವೃದ್ಧೆಗೆ ಅದು ಭಗವಂತನ ಅನುಗ್ರಹವೇ ಸರಿ. ಆದರೆ ಗಟ್ಟಿಮುಟ್ಟಾದವರು ಟಿಕೆಟು ಕೊಳ್ಳುವ ಮುನ್ನ ಹಳೆಯ ಸಾಲವನ್ನು ತೀರಿಸಲಿ, ಮಾತುಬಿಟ್ಟ ತಮ್ಮನ ಮನೆಗೆ ಒಮ್ಮೆ ಹೋಗಿ ಬರಲಿ. ಕಾಶಿಯಲ್ಲಿ ಇಳಿದ ಮೇಲೆ, ಉಳಿತಾಯವಾದ ದಿನಗಳಲ್ಲಿ ಐದನ್ನಾದರೂ ಪಂಚಕ್ರೋಶಿಗೆ ಕೊಡಲಿ.